ಒಂದು ರೈಲು ಮುಂಚೆ

ಜಪಾನಿನ ಶಿಕೊಕು ದ್ವೀಪದಲ್ಲಿ ಮಾತ್ಸುಯಾಮಾ ಎಂಬ ಊರಿದೆ. ಅಲ್ಲಿಂದ ಕಡಲ ಕಡೆಗೆ ಹೋಗುವ ಪುಟ್ಟ ರೈಲುಮಾರ್ಗದಲ್ಲಿ ಬೈಶಿನ್‌ಜಿ ಎಂಬ ನಿಲ್ದಾಣ. ಪ್ಲಾಟ್‌ಫಾರ್ಮಿನ ಕಂಬಿಗೆ ಒರಗಿ ನಿಂತರೆ ಎದುರಿಗೆ ಸೆತೊ ಒಳಗಡಲು. ಆ ಕಂಬಿಗೆ ಒಂದು ಕರವಸ್ತ್ರ ಕಟ್ಟಿ, ಸ್ವಲ್ಪ ಹೊತ್ತು ನಿಂತು, ಮುಂದಿನ ರೈಲಿಗೆ ಮರಳುವ ಜನ ಮೂರು ದಶಕ ಕಳೆದರೂ ಬರುತ್ತಲೇ ಇದ್ದಾರೆ. ಯಾವ ದೇವರ ಹರಕೆಯೂ ಅಲ್ಲ, ಯಾವ ಯುದ್ಧದ ನೆನಪೂ ಅಲ್ಲ. ಟಿವಿಯಲ್ಲಿ ಬಂದ ಒಂದು ಪ್ರೇಮಕಥೆಯ ಹುಡುಗಿ ಅಲ್ಲಿಂದ ರೈಲು ಹತ್ತಿ ಹೋದಳು ಎಂಬ ಒಂದೇ ಕಾರಣ.

ಆ ಧಾರಾವಾಹಿ 'ಟೋಕಿಯೊ ಲವ್ ಸ್ಟೋರಿ'. ಫುಜಿ ಟೆಲಿವಿಷನ್ ಅದನ್ನು 1991ರ ಜನವರಿ 7ರಿಂದ ಮಾರ್ಚ್ 18ರವರೆಗೆ ಪ್ರತಿ ಸೋಮವಾರ ರಾತ್ರಿ 9ಕ್ಕೆ ಪ್ರಸಾರ ಮಾಡಿತು. ಒಟ್ಟು 11 ಕಂತು. ಕೊನೆಯ ಕಂತಿನಲ್ಲಿ ಅಕಾನಾ ರಿಕಾ ತಾನು ಪ್ರೀತಿಸಿದ ನಾಗಾಓ ಕಾಂಜಿಗೆ ಹೇಳುತ್ತಾಳೆ, ಸಂಜೆ 4 ಗಂಟೆ 48 ನಿಮಿಷದ ರೈಲಿಗೆ ಹೊರಡುತ್ತೇನೆ, ಮನಸ್ಸು ಬದಲಾದರೆ ಬಾ ಎಂದು. ಕಾಂಜಿ ತಡವಾಗಿಯಾದರೂ ಓಡುತ್ತಾನೆ. ಹೇಳಿದ ಸಮಯಕ್ಕೆ ಮುಂಚೆಯೇ ನಿಲ್ದಾಣ ಮುಟ್ಟುತ್ತಾನೆ. ಪ್ಲಾಟ್‌ಫಾರ್ಮು ಖಾಲಿ. ಅವಳು ಅದಕ್ಕೂ ಹಿಂದಿನ ರೈಲು ಹತ್ತಿ ಹೋಗಿಬಿಟ್ಟಿದ್ದಾಳೆ. ಕಂಬಿಗೆ ಕಟ್ಟಿದ ಕರವಸ್ತ್ರದ ಮೇಲೆ ಬೈ ಬೈ ಎಂದು ಬರೆದಿದೆ, ಜೊತೆಗೆ ಅವಳೇ ಅವನಿಗಿಟ್ಟ ಮುದ್ದಿನ ಹೆಸರು, ಕಾಂಚಿ. ಅತ್ತ ಓಡುವ ರೈಲಿನೊಳಗೆ, ಅಷ್ಟೂ ಕಂತುಗಳಲ್ಲಿ ನಗುನಗುತ್ತಲೇ ಬಂದ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಾಳೆ.

ಆ ಮಾರ್ಗದಲ್ಲಿ ಆಗ ಹದಿನೈದು ನಿಮಿಷಕ್ಕೊಂದು ರೈಲು. ಹಾಗಾದರೆ ಅವಳು ಬಿಟ್ಟುಕೊಟ್ಟದ್ದು ಹದಿನೈದು ನಿಮಿಷ ಮಾತ್ರ. ಅಷ್ಟು ಕಾದಿದ್ದರೆ ಅವನು ಬಂದದ್ದು ಕಾಣುತ್ತಿತ್ತು. ಯಾಕೆ ಕಾಯಲಿಲ್ಲ ಎಂಬ ಪ್ರಶ್ನೆಯನ್ನು ಧಾರಾವಾಹಿ ಯಾರ ಬಾಯಿಂದಲೂ ಬಿಡಿಸಿ ಹೇಳಿಸುವುದಿಲ್ಲ. ನೋಡಿದವರೆಲ್ಲ ಅದನ್ನು ಮನೆಗೆ ಹೊತ್ತುಕೊಂಡು ಹೋಗಬೇಕು. ಅಂದು ರಾತ್ರಿ ಆ ಕಂತನ್ನು ನೋಡಿದ ಮನೆಗಳ ಪ್ರಮಾಣ ಶೇಕಡ 32.3. ಅಷ್ಟು ದೊಡ್ಡ ಜನಸಮೂಹವನ್ನು ಉತ್ತರವಿಲ್ಲದೆ ಮಲಗಲು ಕಳಿಸಿದ ಆ ಧೈರ್ಯವನ್ನು ನೆನೆದರೆ ನನಗೆ ಇಂದಿಗೂ ಗೌರವ ಮೂಡುತ್ತದೆ.

ಕಥೆಯ ಮೂಲ ಸೈಮೊನ್ ಫುಮಿ ಬರೆದ ಮಾಂಗಾ, ಎಂದರೆ ಜಪಾನಿ ಕಾಮಿಕ್ಸ್. ಅದರಲ್ಲಿ ನಾವು ಲೋಕವನ್ನು ನೋಡುವುದು ಹೆಚ್ಚಾಗಿ ಕಾಂಜಿಯ ಕಣ್ಣಿನಿಂದ. ಟಿವಿಗೆ ತರುವಾಗ ಕೇಂದ್ರ ಸರಿದು ರಿಕಾಳ ಕಡೆಗೆ ಬಂತು. ಚಿತ್ರಕಥೆ ಬರೆದವರು ಸಾಕಾಮೊತೊ ಯೂಜಿ. ಹತ್ತೊಂಬತ್ತರ ವಯಸ್ಸಿನಲ್ಲಿ ಫುಜಿಯ ಯುವ ಚಿತ್ರಕಥೆಗಾರರ ಮೊದಲ ಸ್ಪರ್ಧೆಯಲ್ಲಿ ಗೆದ್ದವರು. ಇದು ಪ್ರಸಾರವಾಗುವಾಗ ಅವರಿಗೆ ಇಪ್ಪತ್ತಮೂರು. ರಿಕಾ ಆಗಿ ಸುಜುಕಿ ಹೊನಾಮಿ, ಕಾಂಜಿಯಾಗಿ ಓದಾ ಯೂಜಿ. ಓದಾ ಕಾಜುಮಾಸಾ ಹಾಡಿದ ಶೀರ್ಷಿಕೆ ಗೀತೆಯ ಡಿಸ್ಕ್ 25 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಕಥೆ ಸರಳ. ಕಾಂಜಿ, ಮಾತ್ಸುಯಾಮಾ ಇರುವ ಎಹಿಮೆ ಪ್ರಾಂತ್ಯದಿಂದ ಟೋಕಿಯೊಕ್ಕೆ ಕೆಲಸಕ್ಕೆ ಬಂದ ಹುಡುಗ. ವಿಮಾನ ನಿಲ್ದಾಣಕ್ಕೆ ಬಂದು ಅವನನ್ನು ಕರೆದೊಯ್ಯುವ ಸಹೋದ್ಯೋಗಿ ರಿಕಾ. ವಿದೇಶದಲ್ಲಿ ಬೆಳೆದವಳು, ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಹೇಳುವವಳು. ಕಾಂಜಿಗೆ ಹೈಸ್ಕೂಲಿನಿಂದಲೂ ಸತೋಮಿಯ ಮೇಲೆ ಮನಸ್ಸು. ಶಿಶುವಿಹಾರದ ಟೀಚರಾಗಿರುವ ಸತೋಮಿಗೆ ಅದೇ ಹೈಸ್ಕೂಲಿನ ಮಿಕಾಮಿಯ ಮೇಲೆ ಮನಸ್ಸು. ವೈದ್ಯ ವಿದ್ಯಾರ್ಥಿ ಮಿಕಾಮಿಗೆ ಯಾರ ಮೇಲೂ ಮನಸ್ಸು ನಿಲ್ಲುವುದಿಲ್ಲ. ರಿಕಾ ಕಾಂಜಿಯನ್ನು ಪ್ರೀತಿಸುತ್ತಾಳೆ, ಅವನೂ ಅವಳ ಜೊತೆಯಾಗುತ್ತಾನೆ. ಸತೋಮಿ ಮಿಕಾಮಿಯನ್ನು ಬಿಟ್ಟು ಬಂದ ಮೇಲೆ ಕಾಂಜಿಯ ಹಳೆಯ ಆಸೆ ಮತ್ತೆ ಮೇಲೇಳುತ್ತದೆ. ಇಷ್ಟೇ. ಇದರಲ್ಲಿ ಜಾತಿಯ ಅಡ್ಡಿಯಿಲ್ಲ, ಹೆತ್ತವರ ವಿರೋಧವಿಲ್ಲ, ಬಡತನವಿಲ್ಲ, ಕಾಯಿಲೆಯಿಲ್ಲ. ಖಳ ಅನ್ನಬಹುದಾದವನು ಒಬ್ಬನೂ ಇಲ್ಲ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಪ್ರೀತಿಯ ದುಃಖಕ್ಕೆ ಒಂದು ಹೊರಗಿನ ಕಾರಣ ಸಿಕ್ಕಿದರೆ ನಮಗೆ ಎಷ್ಟೋ ನಿರಾಳ. ಚಿಕಾಮಾತ್ಸು ಮೊನ್‌ಜಾಎಮೊನ್ 1703ರಲ್ಲಿ ಒಸಾಕಾದ ಬೊಂಬೆಯಾಟದ ರಂಗಕ್ಕೆ ಬರೆದ 'ಸೊನೆಜಾಕಿ ಶಿಂಜು'ವಿನಲ್ಲಿ ಪ್ರೇಮಿಗಳು ಒಟ್ಟಿಗೆ ಸಾಯುತ್ತಾರೆ. ಅವರ ಬೆನ್ನಿಗೆ ಸಾಲ, ಮೋಸ, ಮನೆತನದ ಒತ್ತಡ ಎಲ್ಲವೂ ಇತ್ತು. ಟಿವಿಯ ಕಾಲಕ್ಕೆ ಬಂದರೆ 2000ದಲ್ಲಿ ಟಿಬಿಎಸ್ ಪ್ರಸಾರ ಮಾಡಿದ 'ಬ್ಯೂಟಿಫುಲ್ ಲೈಫ್'ನ ಕೊನೆಯ ಕಂತು ಶೇಕಡ 41.3 ಪ್ರೇಕ್ಷಕರನ್ನು ಕೂರಿಸಿತು. ಅಲ್ಲಿ ನಾಯಕಿಯನ್ನು ಕಾಯಿಲೆ ಕರೆದೊಯ್ಯುತ್ತದೆ. ಅಂಥ ಕಥೆ ನೋಡಿ ಅಳುವಾಗ ನಮ್ಮ ಬೆರಳು ಸಮಾಜದ ಕಡೆಗೋ ವಿಧಿಯ ಕಡೆಗೋ ಚಾಚಿಕೊಂಡಿರುತ್ತದೆ. ಅಡ್ಡಿಯೊಂದು ಇರದಿದ್ದರೆ ಇವರಿಬ್ಬರೂ ಸುಖವಾಗಿ ಇರುತ್ತಿದ್ದರು ಎಂಬ ಸಮಾಧಾನ ಅಳುವಿನ ಒಳಗೇ ಅಡಗಿರುತ್ತದೆ. 'ಟೋಕಿಯೊ ಲವ್ ಸ್ಟೋರಿ' ಆ ಸಮಾಧಾನವನ್ನು ಕೊಡುವುದಿಲ್ಲ. ಇಬ್ಬರೂ ಆರೋಗ್ಯವಾಗಿದ್ದಾರೆ, ಒಂದೇ ಆಫೀಸು, ಒಂದೇ ಊರು, ಇಬ್ಬರ ಕೈಯಲ್ಲೂ ಸಂಬಳ. ಆದರೂ ಆಗಲಿಲ್ಲ. ಆಗದೇ ಹೋದದ್ದು ಅವರಿಬ್ಬರ ನಡುವೆಯೇ.

ನಮ್ಮ ಅಲಂಕಾರಶಾಸ್ತ್ರ ಅಗಲಿಕೆಯನ್ನು ಬಹಳ ಸೂಕ್ಷ್ಮವಾಗಿ ನೋಡಿದೆ. ಮತ್ತೆ ಸೇರುವ ಆಸೆ ಉಳಿದಿದ್ದರೆ ಅದು ವಿಪ್ರಲಂಭ ಶೃಂಗಾರ, ಆ ಆಸೆಯೇ ಅಳಿದಿದ್ದರೆ ಕರುಣ ಎಂದು ಭರತಮುನಿ ಗೆರೆ ಎಳೆದಿದ್ದಾನೆ. ರಿಕಾಳ ಅಳುವನ್ನು ಇವೆರಡರಲ್ಲಿ ಎಲ್ಲಿ ಇಡುವುದು? ಮತ್ತೆ ಸೇರುವ ಆಸೆಯನ್ನು ಅವಳು ತನ್ನ ಕೈಯಾರೆ ಅಳಿಸಿದ್ದಾಳೆ, ಹಾಗಾಗಿ ವಿಪ್ರಲಂಭ ಆಗದು. ಆದರೆ ಪ್ರಿಯಕರ ಬದುಕಿದ್ದಾನೆ, ಅವನ ಮೇಲಿನ ಪ್ರೀತಿಯೂ ಬದುಕಿದೆ, ಅದನ್ನು ಹೊತ್ತುಕೊಂಡೇ ಅವಳು ನಾಳೆ ಕೆಲಸಕ್ಕೆ ಹೋಗಬೇಕು. ಹಾಗಾಗಿ ಕರುಣವೂ ಪೂರ್ತಿ ಒಪ್ಪುವುದಿಲ್ಲ. ಇಂದಿನ ನಗರಗಳಲ್ಲಿ ಬಹುಪಾಲು ಪ್ರೇಮಗಳು ಮುಗಿಯುವುದು ಈ ಎರಡರ ನಡುವಿನ ಜಾಗದಲ್ಲೇ. ಯಾರೂ ಸಾಯುವುದಿಲ್ಲ, ಯಾರೂ ಶಾಪ ಹಾಕುವುದಿಲ್ಲ, ಸಂತಾಪ ಹೇಳಲು ನೆಂಟರು ಬರುವುದಿಲ್ಲ. ಆ ದುಃಖಕ್ಕೆ ಸೂತಕವಿಲ್ಲ, ಹನ್ನೊಂದನೆಯ ದಿನವೂ ಇಲ್ಲ. ಅಂಥ ದುಃಖಕ್ಕೆ ಒಂದು ಆಕಾರ ಕೊಟ್ಟಿತು ಎಂಬುದೇ ಈ ಧಾರಾವಾಹಿಯ ಮೇಲೆ ಜನ ಇಟ್ಟ ಅಕ್ಕರೆಯ ಮೂಲ ಎಂದು ನಾನು ನಂಬುತ್ತೇನೆ.

ಕಾಂಜಿಯ ವಿಷಯಕ್ಕೆ ಬರೋಣ. ಅವನು ಒಳ್ಳೆಯವನು. ಇದನ್ನು ಒಪ್ಪಿಕೊಂಡೇ ಮಾತು ಮುಂದುವರಿಸಬೇಕು, ಏಕೆಂದರೆ ಕಥೆಯ ನೋವೆಲ್ಲ ಅವನ ಒಳ್ಳೆಯತನದಿಂದಲೇ ಹುಟ್ಟುವಂಥದ್ದು. ಯಾರನ್ನೂ ನೋಯಿಸಬಾರದು ಎಂಬ ಹುಡುಗ ಇಬ್ಬರನ್ನೂ ನೋಯಿಸುತ್ತಾನೆ. ಜಪಾನಿನ ಪ್ರೇಕ್ಷಕರು ಮರೆಯದ ಒಂದು ರಾತ್ರಿ ಇದೆ. ರಿಕಾಳನ್ನು ಕಾಣಲು ಕಾಂಜಿ ಹೊರಡಬೇಕು. ಆ ಹೊತ್ತಿಗೆ ಸತೋಮಿ ಬಾಗಿಲಿಗೆ ಬರುತ್ತಾಳೆ, ಕೈಯಲ್ಲಿ ತಾನೇ ಮಾಡಿದ ಓದೆನ್. ಮೂಲಂಗಿ, ಮೊಟ್ಟೆ, ಮೀನಿನ ಉಂಡೆಗಳನ್ನು ತಿಳಿಸಾರಿನಲ್ಲಿ ನಿಧಾನಕ್ಕೆ ಬೇಯಿಸಿ ಮಾಡುವ ಚಳಿಗಾಲದ ಅಡುಗೆ ಅದು. ಹೋಗಬೇಡ ಎನ್ನುತ್ತಾಳೆ ಸತೋಮಿ. ಅವನು ಹೋಗುವುದಿಲ್ಲ. ಅತ್ತ ರಿಕಾ ಕಾಯುತ್ತಿರುತ್ತಾಳೆ.

ಆ ಕಾಲದ ಹೆಂಗಸರು ಸತೋಮಿಯನ್ನು ಎಷ್ಟು ದ್ವೇಷಿಸಿದರೆಂದರೆ ಆ ಓದೆನ್ ಪಾತ್ರೆ ಅವಳ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿತು. ನನಗೆ ಆ ಕೋಪ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಸತೋಮಿ ಕೇಳಿದಳು, ಅಷ್ಟೇ. ಒಂಟಿಯಾದ ಹೆಣ್ಣು ತನಗೆ ಬೇಕಾದದ್ದನ್ನು ಒಮ್ಮೆ ಬಾಯಿಬಿಟ್ಟು ಕೇಳಿದ್ದು ಅಪರಾಧವಲ್ಲ. ಅದೇ ಕೆಲಸವನ್ನು ರಿಕಾ ಮೊದಲ ಕಂತಿನಿಂದ ಮಾಡುತ್ತ ಬಂದಿದ್ದಾಳೆ, ಅವಳನ್ನು ನಾವು ದಿಟ್ಟೆ ಎಂದು ಮೆಚ್ಚಿದ್ದೇವೆ. ಆ ರಾತ್ರಿ ಉತ್ತರ ಹೇಳಬೇಕಾದವನು ಬಾಗಿಲ ಒಳಗಿದ್ದವನು. 'ಇವತ್ತು ಆಗಲ್ಲ ಸತೋಮಿ, ರಿಕಾ ಕಾಯ್ತಿದ್ದಾಳೆ' ಎಂಬ ಒಂದು ಮಾತು ಸಾಕಿತ್ತು. ಇಲ್ಲವೇ ರಿಕಾಳ ಹತ್ತಿರ ಹೋಗಿ 'ನನ್ನ ಮನಸ್ಸು ಇಲ್ಲಿಲ್ಲ' ಎಂದರೂ ಆಗುತ್ತಿತ್ತು. ಎರಡರಲ್ಲಿ ಯಾವುದೂ ಅವನಿಂದ ಆಗಲಿಲ್ಲ. ಎದುರಿಗಿರುವವರ ಕಣ್ಣೀರು ಯಾವುದೋ ಅದಕ್ಕೆ ಅವನು ಸೋಲುತ್ತಾನೆ. ಎದುರಿಗೆ ಇಲ್ಲದವರು ಆ ಸೋಲಿನ ಬೆಲೆ ತೆರುತ್ತಾರೆ.

ಮೃದು ಸ್ವಭಾವದ ಕ್ರೌರ್ಯ ಎಂದರೆ ಇದು. ಗಟ್ಟಿಯಾಗಿ ಬೈದು ಕಳಿಸುವವನಿಂದ ಆಗುವ ಗಾಯ ಒಂದು ದಿನದ್ದು. ಬೇಡ ಎನ್ನಲಾರದವನ ಸುತ್ತ ಇರುವವರು ತಿಂಗಳುಗಟ್ಟಲೆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ತಿಳಿಯದೆ ನಿಲ್ಲುತ್ತಾರೆ. ದಾಕ್ಷಿಣ್ಯವನ್ನು ನಾವು ಗುಣಗಳ ಪಟ್ಟಿಗೆ ಸೇರಿಸಿಕೊಂಡಿದ್ದೇವೆ. ಅದು ಪರರ ಮನಸ್ಸಿನ ಮೇಲಿನ ಕಾಳಜಿಯೋ ಅಥವಾ ತನ್ನನ್ನು ಯಾರೂ ಕೆಟ್ಟವನೆನ್ನಬಾರದೆಂಬ ಆಸೆಯೋ ಎಂದು ಪ್ರತಿಸಲವೂ ಕೇಳಿಕೊಳ್ಳಬೇಕು. ಕಾಂಜಿ ಕೇಳಿಕೊಳ್ಳಲಿಲ್ಲ. ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸಿನ ಹುಡುಗನಿಂದ ಅದನ್ನು ನಿರೀಕ್ಷಿಸುವುದು ಹೆಚ್ಚಾಯಿತು ಅನ್ನುವವರಿದ್ದಾರೆ. ಇರಬಹುದು. ಆದರೆ ನೋವು ಉಂಡವಳ ವಯಸ್ಸೂ ಅಷ್ಟೇ ಇತ್ತಲ್ಲ.

ರಿಕಾಳನ್ನು ದೇವತೆ ಮಾಡಿ ಕೂರಿಸುವುದೂ ನ್ಯಾಯವಲ್ಲ. ಅವಳ ಹಿಂದೆ ಮದುವೆಯಾದ ಮೇಲಧಿಕಾರಿಯೊಬ್ಬನ ಜೊತೆಗಿನ ಸಂಬಂಧವಿದೆ. ಅವಳ ಪ್ರೀತಿ ಕೇಳುವ ಪ್ರೀತಿ. ದಿನದ 24 ಗಂಟೆಯೂ ಇಷ್ಟ ಎನ್ನುತ್ತಿರಬೇಕು, ಬಿಗಿಯಾಗಿ ಹಿಡಿದಿರಬೇಕು, ಹಿಡಿಯದಿದ್ದರೆ ಎಲ್ಲಿಗೋ ಹೋಗಿಬಿಡುತ್ತೇನೆ ಎನ್ನುವವಳು. ಹೇಳದೆ ಕೇಳದೆ ಕಾಣೆಯಾಗುತ್ತಾಳೆ, ಹುಡುಕಿಕೊಂಡು ಬರಲಿ ಎಂದು. ನಾಚಿಕೆಯ ಮನೆಯಲ್ಲಿ ಬೆಳೆದ ಕಾಂಜಿಗೆ ಈ ಪ್ರೀತಿ ಬರಬರುತ್ತ ಭಾರವಾಗುತ್ತದೆ. ತನ್ನ ಶಕ್ತಿಗೆ ಮೀರಿದ ಕೊಡುಗೆಯನ್ನು ಪಡೆದವನಿಗೆ ಆಗುವ ದಣಿವು ಅದು. ಅವನು ಸತೋಮಿಯ ಕಡೆಗೆ ವಾಲಿದ್ದು ಅವಳು ರಿಕಾಳಿಗಿಂತ ಮೇಲು ಎಂಬ ಕಾರಣಕ್ಕಲ್ಲ. ಅವಳ ಪಕ್ಕದಲ್ಲಿ ಅವನಿಗೆ ತಾನು ಸಾಕಾಗುತ್ತೇನೆ ಎನಿಸುತ್ತಿತ್ತು. ರಿಕಾಳ ಪಕ್ಕದಲ್ಲಿ ನಿಂತಾಗ ತಾನು ಯಾವತ್ತೂ ಸಾಲದು ಎನಿಸುತ್ತಿತ್ತು. ಅತಿಯಾಗಿ ಪ್ರೀತಿಸುವವರು ಇದನ್ನು ಕೇಳಿಸಿಕೊಳ್ಳುವುದು ಕಷ್ಟ. ಪೂರ್ತಿಯಾಗಿ ಕೊಟ್ಟೆ, ಆದರೂ ಸೋತೆ ಎಂಬ ಮಾತಿನ ಇನ್ನೊಂದು ತುದಿಯಲ್ಲಿ, ಪೂರ್ತಿಯಾಗಿ ಪಡೆದೆ, ಆದರೆ ಉಸಿರುಗಟ್ಟಿತು ಎಂಬ ಮಾತಿರುತ್ತದೆ.

ಇದನ್ನೆಲ್ಲ ಒಪ್ಪಿದ ಮೇಲೂ ಆ ಹದಿನೈದು ನಿಮಿಷ ರಿಕಾಳನ್ನು ಎತ್ತರಕ್ಕೆ ಒಯ್ಯುತ್ತದೆ ಎಂದು ನನಗೆ ಅನಿಸುವುದು ಯಾಕೆಂದು ಹೇಳಬೇಕು.

ಆ ದಿನದ ಲೆಕ್ಕ ನೋಡಿ. ಅವಳನ್ನು ಕಂಪನಿ ಲಾಸ್ ಏಂಜಲೀಸ್‌ಗೆ ಕಳಿಸಲಿದೆ. ಅವಳು ಕಾಣೆಯಾಗಿದ್ದಾಳೆ. ಕಾಂಜಿ ಹುಡುಕುತ್ತ ತನ್ನ ಊರಿಗೇ ಬಂದಿದ್ದಾನೆ. ಅವಳು ಅಲ್ಲಿದ್ದಾಳೆ, ಅವನು ಓದಿದ ಹಳೆಯ ಶಾಲೆಯಲ್ಲಿ. ಹುಡುಗನಾಗಿದ್ದಾಗ ಕಂಬದ ಮೇಲೆ ಅವನು ಕೊರೆದಿದ್ದ ಹೆಸರಿನ ಪಕ್ಕ ತನ್ನ ಹೆಸರನ್ನೂ ಕೊರೆದಿದ್ದಾಳೆ. ನಂತರ ಇಬ್ಬರೂ ಅವನ ಊರಲ್ಲಿ ಅಡ್ಡಾಡುತ್ತಾರೆ. ಬೇಕಿದ್ದರೆ ಅವಳು ಅಲ್ಲಿ ಅಳಬಹುದಿತ್ತು. ಅತ್ತಿದ್ದರೆ ಕಾಂಜಿ ಸೋಲುತ್ತಿದ್ದ. ಎದುರಿನ ಕಣ್ಣೀರಿಗೆ ಅವನು ಸೋಲುತ್ತಾನೆಂದು ಅವಳಿಗಿಂತ ಚೆನ್ನಾಗಿ ಯಾರು ಬಲ್ಲರು? ಅವಳು ಅಳಲಿಲ್ಲ. ಒಂದು ಸಮಯ ಹೇಳಿ ಅವನನ್ನು ಅವನ ಪಾಡಿಗೆ ಬಿಟ್ಟಳು. ನಿಲ್ದಾಣದಲ್ಲಿ ನಿಂತು ಕಾಯುವಾಗ ಅವಳಿಗೆ ಇನ್ನೊಂದು ವಿಷಯವೂ ಹೊಳೆದಿರಬೇಕು. ಅವನು ಬಂದರೂ ಯಾಕೆ ಬಂದ ಎಂಬುದು ತನಗೆ ಎಂದಿಗೂ ತಿಳಿಯದು. ಪ್ರೀತಿಯಿಂದ ಬಂದನೋ, ಇವಳೊಬ್ಬಳೇ ನಿಂತಿರುತ್ತಾಳಲ್ಲ ಎಂಬ ಕನಿಕರದಿಂದ ಬಂದನೋ? ಕನಿಕರದಿಂದ ಬಂದವನನ್ನು ಕಟ್ಟಿಕೊಂಡು ಹೋದರೆ ಅವನು ಜೀವನಪೂರ್ತಿ ಒಳ್ಳೆಯವನಾಗಿಯೇ ಇರುತ್ತಾನೆ, ಅವಳು ಜೀವನಪೂರ್ತಿ ಅವನ ಮುಖ ನೋಡುತ್ತ ಅನುಮಾನದಲ್ಲೇ ಇರಬೇಕಾಗುತ್ತದೆ.

ಹಾಗಾಗಿ ಹಿಂದಿನ ರೈಲು. ಅವನು ಬಂದನೋ ಇಲ್ಲವೋ ಎಂಬ ಪರೀಕ್ಷೆಯನ್ನೇ ಅವಳು ರದ್ದು ಮಾಡಿದಳು. ಇದರಲ್ಲಿ ಹೆದರಿಕೆಯೂ ಇತ್ತು, ಇಲ್ಲವೆನ್ನಲಾರೆ. ಅವನು ಬಾರದ ಪ್ಲಾಟ್‌ಫಾರ್ಮನ್ನು ನೋಡುವುದಕ್ಕಿಂತ ನೋಡದೇ ಹೋಗುವುದು ಸಲೀಸು. ಸ್ವಾಭಿಮಾನವೂ ಇತ್ತು. ಒಂದು ಒಳ್ಳೆಯ ಕೆಲಸದ ಹಿಂದೆ ಒಂದೇ ಕಾರಣ ಇರಬೇಕೆಂದು ಯಾರು ಹೇಳಿದರು? ನನಗೆ ಮುಖ್ಯವಾಗಿ ಕಾಣುವುದು ಅವಳು ಉಳಿಸಿಹೋದದ್ದು. ಕಾಂಜಿಯ ಮೇಲೆ ಸಾಲ ಉಳಿಸಲಿಲ್ಲ. ನಿನಗಾಗಿ ಇಷ್ಟು ಮಾಡಿದೆ ಎಂಬ ಬಾಕಿ ಪಟ್ಟಿಯನ್ನು ಅವನ ಕೈಗಿಡಲಿಲ್ಲ. ಓಡಿಬಂದದ್ದರಿಂದ ಅವನು ತನ್ನನ್ನು ತಾನು ಕ್ಷಮಿಸಿಕೊಳ್ಳಬಹುದು, ಅವಳೇ ಹೋದದ್ದರಿಂದ ಸತೋಮಿಯ ಬಳಿಗೆ ತಲೆಯೆತ್ತಿ ಹೋಗಬಹುದು. ಬೇಡ ಎನ್ನಲಾರದ ಹುಡುಗನ ಪರವಾಗಿ ಆ ಮಾತನ್ನು ಅವಳೇ ಆಡಿದಳು. ತನ್ನ ವಿರುದ್ಧ ತಾನೇ ತೀರ್ಪು ಬರೆದು ಸಹಿ ಹಾಕಿ ಹೋದಳು. ಆಮೇಲೆ ಅತ್ತಳು, ಅವನಿಗೆ ಕಾಣದ ಹಾಗೆ.

ಅದು ಸರಿಯೇ? ಕಾಂಜಿಯ ಪರವಾಗಿ ತೀರ್ಮಾನಿಸುವ ಹಕ್ಕು ಅವಳಿಗೆ ಯಾರು ಕೊಟ್ಟರು ಎಂದು ವಾದಿಸಬಹುದು. ನಿಜವಾಗಿಯೂ ಮನಸ್ಸು ತಿರುಗಿ ಓಡಿಬಂದಿದ್ದರೆ? ಆ ಸಾಧ್ಯತೆಯನ್ನು ಧಾರಾವಾಹಿ ತೆರೆದೇ ಇಟ್ಟಿದೆ, ಅದಕ್ಕೇ ಆ ದೃಶ್ಯದಲ್ಲಿ ಇಷ್ಟು ಉರಿ. ಮಗಳ ವಯಸ್ಸಿನವರು ನನ್ನನ್ನು ಕೇಳಿದರೆ ಕಾಯಿ ಎನ್ನುತ್ತೇನೆ, ಹದಿನೈದು ನಿಮಿಷ ಕಾಯಿ, ಕೇಳಿ ತಿಳಿದುಕೊ. ಬದುಕಿನಲ್ಲಿ ಅದು ಸರಿಯಾದ ಸಲಹೆ. ಆದರೂ ಕಾಯದೆ ಹೋದವಳನ್ನು ನೋಡುವಾಗ ನನ್ನ ತಲೆ ಬಾಗುತ್ತದೆ. ಈ ಎರಡನ್ನೂ ನಾನು ಒಟ್ಟಿಗೆ ಇಟ್ಟುಕೊಂಡಿದ್ದೇನೆ.

ಕಾಲದ ಬಗ್ಗೆ ಒಂದೆರಡು ಮಾತು. ಗಂಡಿಗೂ ಹೆಣ್ಣಿಗೂ ಉದ್ಯೋಗದಲ್ಲಿ ಸಮಾನ ಅವಕಾಶ ಎಂಬ ಕಾನೂನು ಜಪಾನಿನಲ್ಲಿ ಜಾರಿಗೆ ಬಂದದ್ದು 1986ರಲ್ಲಿ. ಐದು ವರ್ಷದ ನಂತರ ತೆರೆಗೆ ಬಂದ ರಿಕಾ, ಗಂಡಸರ ಸಮಕ್ಕೆ ನಿಂತು ದುಡಿಯುವ, ಪ್ರೀತಿಯ ಮಾತನ್ನು ತಾನೇ ಮೊದಲು ಎತ್ತುವ ಹೆಣ್ಣು. ಆಫೀಸಿನ ಹೆಣ್ಣುಮಕ್ಕಳು ಸೋಮವಾರ ರಾತ್ರಿ ಬೀದಿಯಲ್ಲಿ ಕಾಣುವುದೇ ಇಲ್ಲ, ಎಲ್ಲರೂ ಟಿವಿ ಮುಂದಿದ್ದಾರೆ ಎಂಬ ಮಾತು ಆಗ ಹಬ್ಬಿತ್ತು. ಷೇರುಪೇಟೆಯ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915 ಮುಟ್ಟಿ, ಅಲ್ಲಿಂದ ಜಾರುತ್ತಲೇ ಇತ್ತು. ತೆರೆಯ ಮೇಲಿನ ಟೋಕಿಯೊ ಇನ್ನೂ ಮಿನುಗುತ್ತಿತ್ತು, ನೆಲ ಆಗಲೇ ಕುಸಿಯತೊಡಗಿತ್ತು. ಕೈಯಲ್ಲಿ ಮೊಬೈಲ್ ಇರಲಿಲ್ಲ. ಒಬ್ಬರನ್ನು ಕಾಣಬೇಕಾದರೆ ಹೇಳಿದ ಜಾಗದಲ್ಲಿ ನಿಂತು ಕಾಯಬೇಕು. ಬಾರದಿದ್ದರೆ ಏಕೆ ಬರಲಿಲ್ಲ ಎಂದು ಊಹಿಸುತ್ತ ಇನ್ನಷ್ಟು ಕಾಯಬೇಕು. ಕಾಯುವುದೇ ಆಗ ಪ್ರೀತಿಯ ಅಳತೆಯಾಗಿತ್ತು.

ಇನ್ನೊಂದು ಸಂಗತಿ ಜಪಾನಿ ಧಾರಾವಾಹಿಗಳ ಕಟ್ಟಿನಲ್ಲೇ ಇದೆ. ಅಲ್ಲಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹೀಗೆ ಋತುವಿಗೊಂದು ಕಥೆ ಶುರುವಾಗಿ ಮೂರು ತಿಂಗಳಲ್ಲಿ ಮುಗಿಯುತ್ತದೆ. ವರ್ಷಗಟ್ಟಲೆ ಎಳೆಯುವ ಧಾರಾವಾಹಿಗಳಿಗೆ ಒಗ್ಗಿದ ನಮಗೆ ಇದರ ಬಲ ಬೇಗ ತಿಳಿಯುವುದಿಲ್ಲ. ಮುಗಿಯುವ ದಿನ ಮೊದಲೇ ಗೊತ್ತಿರುವ ಕಥೆಯಲ್ಲಿ ಪ್ರತಿ ವಾರವೂ ಒಂದು ವಾರ ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ಶುರುವಾದದ್ದು ಮಾರ್ಚ್‌ನಲ್ಲಿ ಮುಗಿಯಬೇಕು. ಜಪಾನಿನಲ್ಲಿ ಶಾಲೆಯ ವರ್ಷ ಮುಗಿಯುವುದೂ ಮಾರ್ಚ್‌ನಲ್ಲೇ, ಆಫೀಸಿನಲ್ಲಿ ವರ್ಗವಾದವರು ಗಂಟುಮೂಟೆ ಕಟ್ಟುವುದೂ ಆಗಲೇ. ಊರಿಗೆ ಊರೇ ಯಾರನ್ನೋ ಬೀಳ್ಕೊಡುತ್ತಿರುವ ವಾರದಲ್ಲಿ ರಿಕಾಳೂ ಹೊರಟಳು.

ಆ ಕಣ್ಣೀರು ಜಪಾನಿನ ಗಡಿಯೊಳಗೆ ನಿಲ್ಲಲಿಲ್ಲ. ತೈವಾನ್, ಹಾಂಗ್‌ಕಾಂಗ್, ಚೀನಾಗಳಲ್ಲಿ ಒಂದು ತಲೆಮಾರು ಇದನ್ನು ತನ್ನ ಕಥೆಯೆಂದೇ ನೋಡಿತು. ಸಮಾಜಶಾಸ್ತ್ರಜ್ಞ ಇವಾಬುಚಿ ಕೊಯಿಚಿ ಈ ಬಗ್ಗೆ ಅಧ್ಯಯನ ಮಾಡಿದ್ದಾರೆ. ತೈವಾನಿನ ಯುವಜನರಿಗೆ ಅಮೆರಿಕದ ಧಾರಾವಾಹಿಗಳಿಗಿಂತ ಇದು ಹತ್ತಿರ ಎನಿಸಿತ್ತು, ತಮ್ಮ ಹಾಗೆಯೇ ಬದುಕುವ ಜನ ಇವರು ಎಂದು. ಓದಿದ, ದುಡಿಯುವ, ಹೆತ್ತವರ ಊರಿನಿಂದ ದೂರ ಒಂದು ಬಾಡಿಗೆ ಕೋಣೆಯಲ್ಲಿ ಇರುವ ಹೊಸ ಹುಡುಗ ಹುಡುಗಿಯರು ಏಷ್ಯಾದ ನಗರಗಳಲ್ಲೆಲ್ಲ ಆಗತಾನೇ ಕಾಣಿಸಿಕೊಂಡಿದ್ದರು. ಪ್ರೀತಿಸಲು ಅಪ್ಪಣೆ ಬೇಡವಾಗಿತ್ತು. ಪ್ರೀತಿ ಮುರಿದರೆ ಹೊಣೆ ಹೊರಿಸಲು ಅಪ್ಪ ಅಮ್ಮನೂ ಸಿಗುತ್ತಿರಲಿಲ್ಲ.

ಮೂರು ವರ್ಷ ಕಳೆದ ಮೇಲಿನ ದೃಶ್ಯವೊಂದರಿಂದ ಧಾರಾವಾಹಿ ಮುಗಿಯುತ್ತದೆ. ಕಾಂಜಿ ಸತೋಮಿಯರ ಮದುವೆಯಾಗಿದೆ. ಟೋಕಿಯೊದ ಬೀದಿಯಲ್ಲಿ ರಿಕಾ ಎದುರಾಗುತ್ತಾಳೆ. ಹಳೆಯ ಗೆಳೆಯರಂತೆ ಸ್ವಲ್ಪ ಮಾತು. ವಿಳಾಸ ಕೇಳಿದರೆ ಅವಳು ಕೊಡುವುದಿಲ್ಲ, ಇವತ್ತು ಸಿಕ್ಕ ಹಾಗೆ ಮತ್ತೆ ಎಂದಾದರೂ ಸಿಗುತ್ತೇವೆ ಎಂಬ ನಂಬಿಕೆಯನ್ನಷ್ಟೇ ಬಿಟ್ಟು ಗುಂಪಿನಲ್ಲಿ ಸೇರಿಹೋಗುತ್ತಾಳೆ. ಅವಳ ಮುಖದಲ್ಲಿ ಸೇಡಿಲ್ಲ, ಸೋತ ಛಾಯೆಯಿಲ್ಲ. ಪ್ರೀತಿಸಿದ್ದನ್ನು ಅವಳು ತಪ್ಪು ಎಂದುಕೊಂಡಿಲ್ಲ. ಇದು ನನಗೆ ಬಹಳ ದೊಡ್ಡದೆನಿಸುತ್ತದೆ. ಮುರಿದ ಪ್ರೀತಿಯ ನಂತರ ನಾವು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಹಿಂದಿನದನ್ನೆಲ್ಲ ತಿದ್ದಿ ಬರೆಯುವುದು. ಅವನು ಮೊದಲಿನಿಂದಲೂ ಹಾಗೇ, ನನಗೆ ಆಗ ಬುದ್ಧಿಯಿರಲಿಲ್ಲ ಎಂದು. ರಿಕಾ ಏನನ್ನೂ ತಿದ್ದಲಿಲ್ಲ. ಆ ದಿನಗಳು ಇದ್ದ ಹಾಗೇ ಅವಳ ಹತ್ತಿರ ಇವೆ.

2022ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್ 'ಫಸ್ಟ್ ಲವ್' ಎಂಬ 9 ಕಂತುಗಳ ಧಾರಾವಾಹಿ ತಂದಿತು. ಉತಾದಾ ಹಿಕಾರು ಅವರ ಎರಡು ಹಾಡುಗಳಿಂದ ಹುಟ್ಟಿದ ಕಥೆ. ಹೊಕ್ಕೈಡೊದ ಹಿಮ, ಸಪ್ಪೊರೊದ ಟ್ಯಾಕ್ಸಿ, ಅಪಘಾತದಲ್ಲಿ ನೆನಪು ಕಳೆದುಕೊಂಡ ಹೆಣ್ಣು, ವರ್ಷಗಳ ನಂತರ ಎದುರಾಗುವ ಹಳೆಯ ಪ್ರಿಯಕರ. ಕಣ್ಣಿಗೆ ಎಷ್ಟು ಚೆಂದವೆಂದರೆ ಬಿಟ್ಟು ಏಳಲಾಗದು. ಮಿತ್ಸುಶಿಮಾ ಹಿಕಾರಿಯ ಅಭಿನಯವನ್ನು ಎಷ್ಟು ಹೊಗಳಿದರೂ ಕಡಿಮೆ. ಆದರೆ ಅಲ್ಲಿ ಪ್ರೇಮಿಗಳನ್ನು ಅಗಲಿಸುವುದು ಅಪಘಾತ, ಸೇರಿಸುವುದು ಒಂದು ಹಾಡು. ನಡುವಿನ ಇಪ್ಪತ್ತು ವರ್ಷಗಳ ಹೊಣೆ ಯಾರದೂ ಅಲ್ಲ. ಕೊನೆಗೆ ಇಬ್ಬರೂ ಸೇರಿದಾಗ ನನಗೂ ಸಂತೋಷವಾಯಿತು. ಆ ಸಂತೋಷ ಬೇಗ ಕರಗಿತು. ರಿಕಾ ಹಾಗೆ ಕರಗುವವಳಲ್ಲ.

ಸಾಕಾಮೊತೊ ಯೂಜಿ ಮುಂದೆ ದೊಡ್ಡ ಲೇಖಕರಾದರು. 2023ರಲ್ಲಿ 'ಮಾನ್‌ಸ್ಟರ್' ಚಿತ್ರಕ್ಕಾಗಿ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕಥೆಯ ಪ್ರಶಸ್ತಿ ಪಡೆದರು. ಆದರೆ ರಿಕಾಳ ಮುಂದಿನ ಕಥೆ ಬೇಕೆನ್ನುವವರಿಗೆ ನಾನು ತೋರಿಸುವುದು ಅವರು 2017ರಲ್ಲಿ ಟಿಬಿಎಸ್‌ಗೆ ಬರೆದ 'ಕ್ವಾರ್ಟೆಟ್' ಎಂಬ ಧಾರಾವಾಹಿಯನ್ನು. ಕಾರುಇಜಾವಾ ಬೆಟ್ಟದೂರಿನ ಒಂದು ಮನೆಯಲ್ಲಿ ನಾಲ್ವರು ತಂತಿವಾದ್ಯಗಾರರು. ಮೂವತ್ತರ ಆಜುಬಾಜಿನವರು, ಕಲೆಯಲ್ಲಿ ಹೆಸರು ಮಾಡಲಾಗದವರು. ಅವರೊಳಗೇ ಒಬ್ಬರಿಗೆ ಇನ್ನೊಬ್ಬರ ಮೇಲೆ ಪ್ರೀತಿ, ಆ ಇನ್ನೊಬ್ಬರಿಗೆ ಬೇರೊಬ್ಬರ ಮೇಲೆ. ಯಾರ ಪ್ರೀತಿಯೂ ಕೈಗೂಡುವುದಿಲ್ಲ. ಒಟ್ಟಿಗೆ ಅಡುಗೆ ಮಾಡುತ್ತಾರೆ, ಹುರಿದ ಕೋಳಿಯ ಮೇಲೆ ಕೇಳದೆ ನಿಂಬೆ ಹಿಂಡಿದ್ದಕ್ಕೆ ಜಗಳವಾಡುತ್ತಾರೆ, ಮತ್ತೆ ವಾದ್ಯ ಎತ್ತಿಕೊಳ್ಳುತ್ತಾರೆ.

ಇಪ್ಪತ್ತಮೂರರ ಸಾಕಾಮೊತೊ ಬರೆದಾಗ ಪ್ರೀತಿ ಕೈಗೂಡದವಳು ಊರು ಬಿಟ್ಟು, ದೇಶ ಬಿಟ್ಟು, ವಿಳಾಸವನ್ನೂ ಬಿಟ್ಟು ಹೋಗಬೇಕಿತ್ತು. ಆತ್ಮಗೌರವಕ್ಕೆ ಅದೊಂದೇ ದಾರಿಯಿತ್ತು. ನಲವತ್ತೊಂಬತ್ತರ ಸಾಕಾಮೊತೊ ಅದೇ ಜನರಿಗೆ ಒಂದು ಮನೆ ಕಟ್ಟಿಕೊಟ್ಟಿದ್ದಾರೆ. ಅಲ್ಲಿ ಪ್ರೀತಿಸಿ ಪಡೆಯದೇ ಹೋದವರು, ತಾವು ಪ್ರೀತಿಸಿದವರ ಎದುರಿಗೇ ಕುಳಿತು ಊಟ ಮಾಡಬಹುದು, ಅವರ ತಾಳಕ್ಕೆ ತಮ್ಮ ತಾಳ ಹೊಂದಿಸಿಕೊಳ್ಳಬಹುದು. ಆ ಮನೆಯಲ್ಲಿ ರಿಕಾಳಿಗೆ ಒಂದು ಕೋಣೆ ಸಿಕ್ಕಿದ್ದರೆ ಅವಳು ಇರುತ್ತಿದ್ದಳೇ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಇಪ್ಪತ್ತೈದರಲ್ಲಿ ಇರುತ್ತಿರಲಿಲ್ಲ. ನಲವತ್ತರಲ್ಲಿ, ಬಹುಶಃ, ಕಾಂಜಿಯೂ ಸತೋಮಿಯೂ ಊಟಕ್ಕೆ ಬರುವ ಭಾನುವಾರಗಳಲ್ಲಿಯೂ ಇರುತ್ತಿದ್ದಳು.